ಇಲ್ಲೇ ಎಂಬ ಊರು

ಹೋದ ವಾರ ಕಲಬುರಗಿಯ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಹೆಣ್ಣುಮಗಳೊಬ್ಬಳು ಚೀಲದ ಬಾಯಿ ಬಿಚ್ಚಿ, ಒಳಗಿನ ಹಣ್ಣುಗಳು ನಜ್ಜಾಗಿವೆಯೇನೋ ಎಂದು ನೋಡಿ, ಮತ್ತೆ ಗಂಟು ಹಾಕುತ್ತಾ ಕೇಳಿದಳು: "ಯಾವೂರ್ರಿ ನಿಮ್ದು?"

"ಇಲ್ಲೇ" ಎಂದೆ.

ಹೇಳಿದ ಮೇಲೆ ನನಗೇ ನಗು ಬಂತು. ಆಕೆ ಸುಮ್ಮನೆ ಮಾತಿಗೆ ಕೇಳಿದ್ದಳು, ನಮ್ಮ ಕಡೆ ಎಲ್ಲರೂ ಎಲ್ಲರನ್ನೂ ಕೇಳುವ ಹಾಗೆ. ಅಷ್ಟರಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಯಿಂದಲೇ ಹಳೆಯ ಬೇಸಿಗೆಯೊಂದು ಕಣ್ಣ ಮುಂದೆ ಬಂತು ಎಂದು ಬರೆದರೆ ಚೆಂದ ಕಾಣುತ್ತದೆ. ಆದರೆ ಹಾಗಾಗಲಿಲ್ಲ. ಮೊದಲು ಬಂದದ್ದು ಮಾತು, ಆಮೇಲೆ ನಗು, ವಾಸನೆ ಗೊತ್ತಾದದ್ದು ಎಲ್ಲಕ್ಕಿಂತ ಕೊನೆಗೆ. ನೆನಪಿನ ಜೊತೆ ನನ್ನ ತಕರಾರು ಇದೇ. ಅದು ಬರುವುದು ಸಂತೆ ಮುಗಿಸಿ ಬಸ್ಸಿಗೆ ನುಗ್ಗುವ ಜನರ ಹಾಗೆ, ಒಬ್ಬರ ಮೇಲೊಬ್ಬರು. ಬರೆಯಲು ಕೂತಾಗ ನಾವು ಅದನ್ನು ರೇಷನ್ ಅಂಗಡಿಯ ಮುಂದಿನ ಸಾಲಿನಂತೆ ನಿಲ್ಲಿಸುತ್ತೇವೆ. ನಾನೂ ಈಗ ಅದನ್ನೇ ಮಾಡಲಿದ್ದೇನೆ. ಎಲ್ಲಿ ಅನುಮಾನವಿದೆಯೋ ಅಲ್ಲಿ ಅಷ್ಟು ಹೇಳಿಬಿಡುತ್ತೇನೆ.

ನೀಲವ್ವ ನನ್ನ ಅವ್ವನ ಅಕ್ಕ, ನನಗೆ ದೊಡ್ಡವ್ವ. ಕಮಲಾಪುರದಲ್ಲಿ ಮಗ ಬಸವರಾಜನ ಜೊತೆ ಇರುತ್ತಾಳೆ. ಬಸಣ್ಣನದು ಬೀಜ, ಗೊಬ್ಬರದ ಅಂಗಡಿ. ಅದೇ ಓಣಿಯಲ್ಲಿ ಅವಳ ಗೆಳತಿ ಸುಮಿತ್ರಾಬಾಯಿ. ಅವರದು ಮನೆಯೊಳಗೆ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದಾಗ ಎರಡೂ. ಇಬ್ಬರಿಗೂ ಅರವತ್ತು ದಾಟಿದೆ. ಆ ವರ್ಷ ಯುಗಾದಿ ಮುಗಿದ ಮೇಲೆ ಒಂದು ಮಧ್ಯಾಹ್ನ ಟೀವಿಯಲ್ಲಿ ಮುಂಬೈಯ ಎರಡಂತಸ್ತಿನ ಬಸ್ಸು ತೋರಿಸಿದರಂತೆ. ಇಬ್ಬರೂ ತಟ್ಟೆಯಲ್ಲಿನ ಜೋಳ ಹಸನು ಮಾಡುವುದು ಬಿಟ್ಟು ನೋಡಿದರಂತೆ.

"ಅದರಾಗ ಮ್ಯಾಲ ಹತ್ತಿ, ಮುಂದಿನ ಸೀಟಿನ್ಯಾಗ ಕುಂದ್ರಬೇಕು ನೋಡು ವಿಜಿ. ಗಾಜಿನ ಹಿಂದ. ಮುಂದ ಡ್ರೈವರೂ ಇರಬಾರದು" ಎಂದು ನನಗೆ ಫೋನಿನಲ್ಲಿ ಹೇಳಿದಳು.

"ಯಾಕ ದೊಡ್ಡವ್ವ?"

"ಯಾಕಂದ್ರ? ನಮ್ಮ ಬಸ್ಸಿನ ಮ್ಯಾಲ ಲಗೇಜ್ ಅಷ್ಟೇ ಕುಂದರ್ತದ. ಅದು ನೋಡಿದಷ್ಟು ಊರು ನಾ ನೋಡಿಲ್ಲ."

ಬಸಣ್ಣ ಒಪ್ಪಲಿಲ್ಲ. ತಾನು ಅಂಗಡಿ ಬಿಟ್ಟು ಬರುವಂತಿಲ್ಲ. ಮುಂಗಾರಿನ ಮುಂದೆ ಬೀಜದ ಅಂಗಡಿಯವನು ಬಾಗಿಲು ಹಾಕಿದರೆ ರೈತರು ಬೈಯುತ್ತಾರೆ. ಹೆಂಗಸರಿಬ್ಬರೇ ಹೋಗುವುದಂತೂ ಮಾತೇ ಅಲ್ಲ. ಕೊನೆಗೆ, ಬಹುಶಃ ತನ್ನ ಅವ್ವನ ಬಾಯಿ ಮುಚ್ಚಿಸಲು, ಒಂದು ಶರತ್ತು ಹಾಕಿದ: "ಮೊದಲ ಕಲಬುರಗಿ ತಿರಗ್ರಿ. ನೀವಿಬ್ಬರೇ. ಎಲ್ಲೂ ಮೋಸ ಹೋಗಬಾರದು, ಎಲ್ಲೂ ತಪ್ಪಿಸ್ಕೋಬಾರದು. ಅದು ಆದ್ರ ಬೊಂಬಾಯಿ ಟಿಕೇಟ್ ನಾನೇ ತಗಸ್ತೀನಿ."

ಆಗದು ಎಂದು ಅವನಿಗೆ ಖಾತ್ರಿಯಿತ್ತು. ದೊಡ್ಡವ್ವ ಹುಟ್ಟಿದಾಗಿನಿಂದ ಕಲಬುರಗಿ ನೋಡಿದವಳು. ಆಸ್ಪತ್ರೆಗೆ, ಜವಳಿಗೆ, ಲಗ್ನಕ್ಕೆ ಬಂದಿದ್ದಾಳೆ. ಆದರೆ ಪ್ರತಿ ಸಲವೂ ಅಪ್ಪನದೋ, ಗಂಡನದೋ, ಮಗನದೋ ಬೆನ್ನು ನೋಡುತ್ತಾ ನಡೆದಿದ್ದಾಳೆ. ಆ ಬೆನ್ನಿನ ಆಚೆಗಿನ ಊರು ಅವಳಿಗೆ ಮುಂಬೈಯಷ್ಟೇ ಹೊಸದು.

ನಾನು ಕಲಬುರಗಿಯ ಗಾಜಿಪುರ ಓಣಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ, ಬೇಸಿಗೆಯ ರಜೆ. ಹಾಗಾಗಿ ತರಬೇತಿ ಶಿಬಿರ ನನ್ನ ಮನೆಗೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಆಧಾರ್ ತೋರಿಸಿದರೆ ಸಾಕು. ಹೀಗಾಗಿ ಇಬ್ಬರೂ ಬಿಸಿಲೇರುವ ಮೊದಲೇ ಕಮಲಾಪುರದಿಂದ ಬಂದಿಳಿಯುತ್ತಿದ್ದರು. ದೊಡ್ಡವ್ವನ ಕೆಂಪು ಚೀಲದಲ್ಲಿ ಯಾವಾಗಲೂ ಕೆಂಪು ಬಾಳೆಹಣ್ಣು. ಮಧ್ಯಾಹ್ನ ನನ್ನ ಮನೆಯಲ್ಲಿ ಒದ್ದೆ ಪರದೆ ಇಳಿಬಿಟ್ಟು ಕೂಲರ್ ಮುಂದೆ ಅಡ್ಡಾಗುವುದು, ಇಳಿಹೊತ್ತಿಗೆ ಮತ್ತೆ ತಿರುಗಲು ಹೊರಡುವುದು, ತಡವಾದರೆ ರಾತ್ರಿ ನನ್ನಲ್ಲೇ ಉಳಿಯುವುದು. ಗೋಡೆಗೆ ಕೈ ತಾಕಿಸಿದರೆ ಹಂಚಿಗೆ ತಾಕಿಸಿದಂತಾಗುವ ಬೇಸಿಗೆ ನಮ್ಮದು. ಆ ಬಿಸಿಲಿನಲ್ಲಿ ಊರು ನೋಡಲು ಹೊರಟವರು ಅವರಿಬ್ಬರನ್ನು ಬಿಟ್ಟರೆ ಬೇರೆ ಯಾರೂ ಇರಲಿಕ್ಕಿಲ್ಲ.

ನಿಯಮಗಳು ಬಸಣ್ಣನವು. ದುಡ್ಡು ಒಂದೇ ಕಡೆ ಇಡಬಾರದು. ಆಧಾರ್‌ನ ಝೆರಾಕ್ಸ್ ಕೈಯಲ್ಲಿ, ಅಸಲು ಒಳಗೆ. ಆಟೋ ಹತ್ತುವ ಮುಂಚೆ ನಂಬರ್ ಓದಿಕೊಳ್ಳಬೇಕು. ಯಾರಾದರೂ ಚಹಾ ಕೊಟ್ಟರೆ ಈಗಷ್ಟೇ ಆಯಿತು ಎನ್ನಬೇಕು. ಇವೆಲ್ಲ ಯಾರು ಬೇಕಾದರೂ ಹೇಳುವಂಥವು. ಆದರೆ ಒಂದು ನಿಯಮವನ್ನು ಮಾತ್ರ ಅವನು ಮತ್ತೆ ಮತ್ತೆ, ಬೆರಳೆತ್ತಿ ಹೇಳುತ್ತಿದ್ದ.

"ಯಾರರ ಯಾವೂರು ಅಂತ ಕೇಳಿದ್ರ ಕಮಲಾಪುರ ಅನ್ನಬ್ಯಾಡ್ರಿ. ಇಲ್ಲೇ ಅನ್ರಿ. ಹೊಸಬರು ಅಂತ ಗೊತ್ತಾತಂದ್ರ ಮುಗೀತು."

"ಇಲ್ಲೇ ಎಲ್ಲಿ ಅಂತ ಕೇಳಿದ್ರ?" ಎಂದರು ಸುಮಿತ್ರಾಬಾಯಿ.

"ಆಗೂ ಇಲ್ಲೇ ಅನ್ರಿ. ಇಲ್ಲೇ ಅನ್ನೋದ್ರ ಮುಂದ ಒಂದ್ ಅಕ್ಷರ ಹೇಳಬ್ಯಾಡ್ರಿ."

ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಇಲ್ಲಿ ಊರು ಕೇಳದೆ ಯಾರೂ ಯಾರಿಗೂ ನೀರೂ ಕೊಡುವುದಿಲ್ಲ. ಊರು ಗೊತ್ತಾದರೆ ಆ ಊರಿನ ಒಬ್ಬರ ಹೆಸರು ಹೇಳುತ್ತಾರೆ, ಅವರು ನಿಮಗೆ ಏನಾಗಬೇಕು ಎನ್ನುತ್ತಾರೆ, ಆಮೇಲೆ ಮಾತು ಶುರು. ಊರು ಬಚ್ಚಿಡುವುದೆಂದರೆ ದೊಡ್ಡವ್ವನಿಗೆ ತಲೆಯ ಮೇಲಿನ ಸೆರಗು ತೆಗೆದು ನಡೆದಷ್ಟು ಮುಜುಗರ. ಆದರೂ ಕಲಿತಳು. ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ತರಕಾರಿಯವಳು ಕೇಳಿದಾಗ "ಇಲ್ಲೇ" ಎಂದಳು. ಕೋಟೆಯ ಹತ್ತಿರ ಆಟೋದವನು ಕೇಳಿದಾಗಲೂ "ಇಲ್ಲೇ".

"ಇಲ್ಲೇ ಇರೋರು ಕೋಟಿ ಎಲ್ಲದ ಅಂತ ಕೇಳ್ತಾರೇನವ್ವಾ?" ಎಂದು ಅವನು ನಕ್ಕನಂತೆ.

"ಕೋಟಿ ಎಲ್ಲದ ಅಂತ ಗೊತ್ತದಪ್ಪಾ. ನಿನಗ ಗೊತ್ತದೋ ಇಲ್ಲೋ ನೋಡಿದೆ" ಎಂದಳಂತೆ ದೊಡ್ಡವ್ವ.

ಈ ಉತ್ತರ ಅವಳೇ ಹೇಳಿದ್ದೋ, ರಾತ್ರಿ ನನಗೆ ಹೇಳುವಾಗ ಹೊಳೆದದ್ದೋ, ಗೊತ್ತಿಲ್ಲ. ಸುಮಿತ್ರಾಬಾಯಿ ಅದನ್ನು ತಾವು ಹೇಳಿದ್ದು ಎನ್ನುತ್ತಾರೆ.

ಒಂದು ದಿನ ತಪ್ಪು ಸಿಟಿ ಬಸ್ಸು ಹತ್ತಿ ಶರಣಸಿರಸಗಿಗೆ ಹೋಗಿ ಇಳಿದರು. ಸುತ್ತಲೂ ಹೊಸ ಬಡಾವಣೆಯ ಗುರುತಿನ ಕಲ್ಲುಗಳು, ಅದರಾಚೆ ತೊಗರಿ ಕಿತ್ತ ಹೊಲ, ನೆತ್ತಿಯ ಮೇಲೆ ಸೂರ್ಯ. ನನಗೆ ಫೋನ್ ಮಾಡಲಿಲ್ಲ. ಒಂದು ಮನೆಯ ಕಟ್ಟೆಯ ಮೇಲೆ ಕೂತು, ಮನೆಯಾಕೆಯಿಂದ ಮಜ್ಜಿಗೆ ಕುಡಿದು, ಅದೇ ಬಸ್ಸು ತಿರುಗಿ ಬಂದಾಗ ಹತ್ತಿದರು. ಚಹಾ ಬೇಡ ಎಂದಿತ್ತು, ಮಜ್ಜಿಗೆಯ ಬಗ್ಗೆ ನಿಯಮದಲ್ಲಿ ಏನೂ ಇರಲಿಲ್ಲ. ಮನೆಗೆ ಬಂದಾಗ ಇಬ್ಬರ ಮುಖವೂ ಸುಟ್ಟ ಬದನೆಕಾಯಿಯಂತಾಗಿತ್ತು, ಆದರೆ ನಡಿಗೆ ಬದಲಾಗಿತ್ತು. ಅಲ್ಲಿಯವರೆಗೆ ದೊಡ್ಡವ್ವ ಬೀದಿಯಲ್ಲಿ ನನ್ನ ಹಿಂದೆ ನಡೆಯುತ್ತಿದ್ದಳು. ಆ ಸಂಜೆ ಊರ ನಡುವಿನ ಅಪ್ಪನ ಕೆರೆಗೆ ಹೋದಾಗ ನಾನು ಅವಳ ಹಿಂದಿದ್ದೆ. ಇದು ಖಂಡಿತ ಅದೇ ಸಂಜೆಯೇ ಎಂದು ಕೇಳಿದರೆ ಪ್ರಮಾಣ ಮಾಡಲಾರೆ. ಒಂದು ಸಂಜೆ ಹಾಗಾಯಿತು, ಅಷ್ಟು ಖರೆ.

ಆ ವರ್ಷ ಬಂದೇನವಾಜ ದರ್ಗಾದ ಉರುಸು ಬೇಸಿಗೆಯ ನಡುವೆಯೇ ಬಿದ್ದಿತ್ತು. ಬಸಣ್ಣ ಅದನ್ನೇ ಕೊನೆಯ ಪರೀಕ್ಷೆ ಮಾಡಿದ. "ಬೊಂಬಾಯಿ ಗದ್ದಲ ಅಂದ್ರ ಏನಂತ ರೋಜಾದಾಗ ನೋಡ್ರಿ. ಫೋನ್ ವಿಜಿ ಕಡೆ ಕೊಡ್ರಿ. ಫೋನ್ ಕಳದದ ಅಂತ ತಿಳ್ಕೋರಿ."

ಹೀಗೆ ಅವರಿಬ್ಬರ ಫೋನು ನನ್ನ ಪರ್ಸಿನಲ್ಲಿತ್ತು. ದರ್ಗಾದ ಸುತ್ತಿನ ರೋಜಾ ಎಂಬ ಪೇಟೆಯ ಬೀದಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ದರ್ಗಾಕ್ಕೆ ಗಂಧ ಒಯ್ಯುವ ಸಂದಲ್ ಮೆರವಣಿಗೆಯ ದಿನ. ಬಳೆ, ಅತ್ತರು, ಹಲ್ವಾ, ದೊಡ್ಡ ದೊಡ್ಡ ಪರಾಠ, ಲಾಡ್ಜಿನ ಮೆಟ್ಟಿಲ ಮೇಲೆಲ್ಲ ಯಾತ್ರಿಕರು. ಇಳಿಹೊತ್ತಿನ ಬಿಸಿಲಲ್ಲಿ ಎಲ್ಲರ ಮುಖವೂ ಹೊಳೆಯುತ್ತಿತ್ತು. ನಾನು ದೂರದಿಂದ ಹಿಂಬಾಲಿಸಬೇಕು, ಮಾತಾಡಿಸಬಾರದು ಎಂದಾಗಿತ್ತು. ಸುಮಿತ್ರಾಬಾಯಿ ಬಳೆಯಂಗಡಿಯ ಮುಂದೆ ನಿಂತರು. ದೊಡ್ಡವ್ವ ನಿಲ್ಲಲಿಲ್ಲ. ಹಿಂದಿನಿಂದ ಡೋಲು ಬಾರಿಸುತ್ತಾ ಒಂದು ಗುಂಪು ಬಂತು. ಅದು ಹಾದುಹೋದ ಮೇಲೆ ಬಳೆಯಂಗಡಿ ಇತ್ತು, ಸುಮಿತ್ರಾಬಾಯಿ ಇದ್ದರು, ದೊಡ್ಡವ್ವ ಇರಲಿಲ್ಲ.

ಹುಡುಕಿದೆವು. ಎಷ್ಟು ಹೊತ್ತು ಎಂದು ಹೇಳಲಾರೆ. ಸುಮಿತ್ರಾಬಾಯಿ ಒಂದು ಗಳಿಗೆ ಎನ್ನುತ್ತಾರೆ, ನನ್ನ ಎದೆಯ ಲೆಕ್ಕದಲ್ಲಿ ಅದು ಒಂದು ಮಧ್ಯಾಹ್ನದಷ್ಟು ಉದ್ದ. ದೊಡ್ಡವ್ವನಂತೆ ಹಸಿರು ಸೀರೆ ಉಟ್ಟ ಪ್ರತಿ ಹೆಂಗಸಿನ ಭುಜ ಮುಟ್ಟಿದೆ. ಟಿಕೆಟಿನ ಆಸೆ ಮುಗಿಯಿತು ಎನಿಸಿತು. ಆಮೇಲೆ ಟಿಕೆಟ್ಟು ಮರೆತೇ ಹೋಯಿತು, ಅವಳು ಸಿಕ್ಕರೆ ಸಾಕು ಎನಿಸಿತು.

ಆಗ ಸ್ವಯಂಸೇವಕರ ಚಪ್ಪರದ ಮೈಕು ಕೇಳಿತು. ಮೊದಲು ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ, ಬೇಸರ ಮತ್ತು ನಗು ಎರಡೂ ಬೆರೆತ ಧ್ವನಿ:

"ಒಬ್ರು ಅಮ್ಮಾ ಅವರು ಇಲ್ಲಿ ಕುಂತಾರ್ರಿ. ಹಸಿರು ಸೀರಿ, ಕೆಂಪು ಚೀಲ. ಹೆಸರು ಹೇಳವಲ್ರು. ಯಾವೂರು ಅಂದ್ರ ಇಲ್ಲೇ ಅಂತಾರ. ಯಾವ ಓಣಿ ಅಂದ್ರೂ ಇಲ್ಲೇ ಅಂತಾರ. ಇಲ್ಲೇ ಅನ್ನೋ ಊರಿನವರು ಯಾರರ ಇದ್ರ ಜಲ್ದಿ ಬರ್ರಿ, ಮೆಹರ್ಬಾನಿ."

ಸುತ್ತಲಿನ ಜನ ನಕ್ಕರು. ನಾನೂ ಸುಮಿತ್ರಾಬಾಯಿಯೂ ಆ ಜನರ ನಡುವೆ ದಾರಿ ಮಾಡಿಕೊಂಡು ಓಡಿದೆವು.

ಚಪ್ಪರದ ಕೆಳಗೆ ದೊಡ್ಡವ್ವ ಕುರ್ಚಿಯ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದಳು. ಮುಂದೆ ನೀರಿನ ಗ್ಲಾಸು. ಗುಲಾಬಿ, ಅತ್ತರು, ಕೆಂಪು ಬಾಳೆಹಣ್ಣು ಮೂರೂ ಕೂಡಿದ ವಾಸನೆ ನನ್ನ ಮೂಗಿನಲ್ಲಿ ಇವತ್ತಿಗೂ ಇದೆ. ದೊಡ್ಡವ್ವ ಮಾತ್ರ ಅಂದು ಚೀಲದಲ್ಲಿ ಹಣ್ಣೇ ಇರಲಿಲ್ಲ, ಬರುವಾಗ ಬಸ್ಸಿನಲ್ಲೇ ಮುಗಿದಿದ್ದವು ಎನ್ನುತ್ತಾಳೆ. ಹಾಗಿದ್ದರೆ ಆ ವಾಸನೆ ಎಲ್ಲಿಯದು? ಖಾಲಿ ಚೀಲದ್ದಿರಬಹುದು. ನಾನೇ ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

"ಎಲ್ಲಿ ತಪ್ಪಿಸ್ಕೊಂಡಿದ್ದಿ ದೊಡ್ಡವ್ವ?" ಎಂದೆ.

"ನಾ ಎಲ್ಲಿ ತಪ್ಪಿಸ್ಕೊಂಡಿದ್ದೆ? ಬಾಯಿ ತಪ್ಪಿಸ್ಕೊಂಡಿದ್ಲು. ಅದನ್ನ ಹೇಳಾಕ ಬಂದೆ, ಈ ಮನಷ್ಯಾ ನಾನೇ ತಪ್ಪಿಸ್ಕೊಂಡೀನಿ ಅಂತ ಒದರಾಕತ್ತಿದ."

ಮೈಕ್ ಹಿಡಿದವನು ಕೈ ಮುಗಿದ. "ಅಮ್ಮಾ, ಊರು ಹೇಳಿದ್ರ ನಾ ಹಂಗ್ಯಾಕ ಒದರ್ತಿದ್ದೆ?"

"ಕಮಲಾಪುರ" ಎಂದು ನಾನೇ ಹೇಳಿದೆ.

"ಅರೆ, ಕೆಂಪು ಬಾಳಿಹಣ್ಣಿನ ಕಮಲಾಪುರ? ಅಲ್ಲೀದೇ ಹಣ್ಣಿನ ಗಾಡಿ ಹೊರಗ ನಿಂತದಲ್ಲ. ಅವರಿಗೆ ಹೇಳಿದ್ರ ಎಂದೋ ಮನಿಗೆ ಹೋಗ್ತಿದ್ರಿ."

ಗಾಡಿ ಹೊರಗೆ ನಿಂತಿತ್ತು. ಗಾಡಿಯವನು ಮೈಕಿನ ಮಾತು ಕೇಳಿದ್ದ, ದೊಡ್ಡವ್ವನನ್ನೂ ನೋಡಿದ್ದ. ಅಂದರೆ ನಾವು ಗಾಜಿಪುರ ಮುಟ್ಟುವ ಮೊದಲೇ ಸುದ್ದಿ ಕಮಲಾಪುರ ಮುಟ್ಟಿತ್ತು.

ಮರುದಿನ ಬೆಳಿಗ್ಗೆ ಬಸಣ್ಣ ಮೋಟರ್ ಸೈಕಲ್ ಮೇಲೆ ಬಂದಿಳಿದ. ಚಪ್ಪಲಿ ಬಿಡುವ ಮೊದಲೇ ಹೇಳಿದ: "ಮುಗೀತಿಲ್ಲೋ? ಬೊಂಬಾಯಿ ಇಲ್ಲ, ಏನಿಲ್ಲ. ನಡಿ ಊರಿಗೆ."

ದೊಡ್ಡವ್ವ ಉಪ್ಪಿಟ್ಟಿನ ತಟ್ಟೆ ಅವನ ಮುಂದಿಟ್ಟಳು. "ಉಣ್ಣು ಮೊದಲ."

"ಇಡೀ ಕಮಲಾಪುರ ನಗಾಕತ್ತದ ಯವ್ವಾ. ಇಲ್ಲೇ ಅನ್ನೋ ಊರಿನವರ ಮಗ ಬಂದ ಅಂತಾರ ನನಗ. ಕಲಬುರಗಿದಾಗ ತಪ್ಪಿಸ್ಕೊಂಡಾಕಿ ಬೊಂಬಾಯಿದಾಗ ಏನ ಮಾಡಾಕಿ?"

"ಇಲ್ಲೇ ಅಂತ ಕಲಿಸಿದಾಂವ ನೀನು."

"ಕಲಿಸಿದ್ದು ನಿನ್ನ ಒಳ್ಳೇದಕ್ಕ."

"ಹೌದು. ಒಳ್ಳೇದಕ್ಕೇ." ಅವಳು ಎದುರಿಗೆ ಕೂತಳು. ಸುಮಿತ್ರಾಬಾಯಿ ಒಳಗೆ ಚಹಾ ಸೋಸುತ್ತಿದ್ದವರು ಸದ್ದು ನಿಲ್ಲಿಸಿದರು. "ಬಸು, ಹಿಂದ ಒಮ್ಮೆ ಪುಣೆಗೆ ಹೋಗಿದ್ದಿ ನೋಡು, ಗೊಬ್ಬರದ ಮೀಟಿಂಗಿಗೆ. ಬ್ಯಾಗ್ ರೈಲಿನಾಗಿಂದ ಬಿತ್ತು ಅಂತ ಬರಿಗೈಲೇ ಬಂದಿ."

ಬಸಣ್ಣ ಉಪ್ಪಿಟ್ಟಿನಲ್ಲಿ ಶೇಂಗಾ ಹುಡುಕತೊಡಗಿದ.

"ಬಿದ್ದಿರಲಿಲ್ಲ, ಹೌದಿಲ್ಲೋ?"

ಕೂಲರ್ ಗರಗರ ಎನ್ನುತ್ತಿತ್ತು. ಅದನ್ನೂ ಆರಿಸಬೇಕಿತ್ತು ಎನಿಸಿತು ನನಗೆ.

"ಸ್ಟೇಷನ್ನಿನ್ಯಾಗ ಒಬ್ಬಾಂವ ಸಿಕ್ಕ" ಎಂದ ಕೊನೆಗೆ. "ನಮ್ಮ ಮಾತಿನ್ಯಾಗೇ ಮಾತಾಡ್ಸಿದ. ಯಾವೂರು ಅಂದ. ಕಮಲಾಪುರ, ಮೊದಲನೇ ಸಲ ಬಂದೀನಿ ಅಂದೆ. ನಮ್ಮ ಕಡೆಯವರೇ ಆದ್ರಿ ಅಂತ ಲಾಡ್ಜ್ ತೋರಸ್ತೀನಿ ಅಂದ. ನಾ ಕೈಕಾಲ ಮುಖ ತೊಳಕೊಂಡು ಬರೋದ್ರಾಗ ಬ್ಯಾಗೂ ಇಲ್ಲ, ಅವನೂ ಇಲ್ಲ."

"ಅಂವಾ ತಾನೇ ಬಂದು ಮಾತಾಡ್ಸಿದ್ನೋ, ನೀ ಹೋಗಿ ಮಾತಾಡ್ಸಿದ್ಯೋ?"

"ಅವನೇ ಬಂದ."

"ನೋಡು. ಅಷ್ಟೇ ಫರಕ್." ದೊಡ್ಡವ್ವ ಸೆರಗು ಸರಿ ಮಾಡಿಕೊಂಡಳು. "ರಾತ್ರಿ ಎಲ್ಲಾ ಅದನ್ನೇ ವಿಚಾರ ಮಾಡೀನಿ. ಮೈಕಿನಾಂವ ನನ್ನ ಕಡೆ ಬಂದಿರಲಿಲ್ಲ, ನಾನೇ ಅವನ ಕಡೆ ಹೋಗಿದ್ದೆ. ನಾನೇ ಹೋಗಿ, ಸಹಾಯ ಕೇಳಿ, ಆಮ್ಯಾಲ ಇಲ್ಲೇ ಇಲ್ಲೇ ಅಂತ ಕುಂತ್ರ ಅಂವಾ ಏನ ಮಾಡ್ಯಾನ? ಅದು ತಪ್ಪಾತು. ತಾವಾಗೇ ಬಂದು ಕೇಳಿದವರಿಗೆ ಇಲ್ಲೇ. ನಾವಾಗೇ ಹೋಗಿ ಕೇಳಿದವರಿಗೆ ಕಮಲಾಪುರ. ಯಾರನ್ನ ಕೇಳಬೇಕು ಅನ್ನೋದು ನಾ ನೋಡಿ ಆರಿಸ್ತೀನಿ. ಮಕ್ಕಳ ಕರಕೊಂಡು ಬಂದ ಹೆಣ್ಣುಮಕ್ಕಳು, ಅಂಗಡಿ ಬಿಟ್ಟು ಎಲ್ಲೂ ಹೋಗಲಾರದವರು, ಪೊಲೀಸರು. ಶರಣಸಿರಸಗಿದಾಗ ನಾ ಹಂಗೇ ಮಾಡಿದ್ದೆ. ಗೊತ್ತಿರಲಿಲ್ಲ ಅಷ್ಟೇ."

"ಮತ್ತ ಅಲ್ಲಿ ತಪ್ಪಿಸ್ಕೊಂಡ್ರ?"

"ಒಮ್ಮೆ ತಪ್ಪಿಸ್ಕೊಂಡೀನಲ್ಲೋ. ತಪ್ಪಿಸ್ಕೊಂಡಾಕಿಗೆ ಸಿಗೋದು ಹ್ಯಾಂಗ ಅಂತ ಗೊತ್ತಿರ್ತದ. ಬೆನ್ನ ಹಿಂದ ನಡದಾಕಿಗೆ ಏನ ಗೊತ್ತಿರ್ತದ?"

ಒಳಗಿನಿಂದ ಸುಮಿತ್ರಾಬಾಯಿಯ ಧ್ವನಿ ಬಂತು: "ಹಂಗಾದ್ರ ನಿನ್ನೆ ತಪ್ಪಿಸ್ಕೊಂಡಾಕಿ ನೀನೇ ಅಂತ ಒಪ್ಪಿದಂಗಾತು ನೀಲವ್ವ."

"ನೀ ಚಹಾ ತಾ ಬಾಯಿ."

ಬಸಣ್ಣ ನಕ್ಕ. ಅವನು ನಕ್ಕದ್ದು ಈ ಮಾತಿಗೋ, ಇಷ್ಟು ವರ್ಷ ಹೊತ್ತ ಬ್ಯಾಗಿನ ಸುಳ್ಳು ಇಳಿಸಿದ್ದಕ್ಕೋ, ಹೇಳುವುದು ಕಷ್ಟ. ಅಲ್ಲೇ ಒಪ್ಪಿದ ಎಂದು ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ನಿಜವೆಂದರೆ ಅವನು ಏನೂ ಹೇಳದೆ, ಅವರಿಬ್ಬರನ್ನೂ ನನ್ನ ಮನೆಯಲ್ಲೇ ಬಿಟ್ಟು ಊರಿಗೆ ಹೋದ. ಕೆಲವು ದಿನ ಸುದ್ದಿಯೇ ಇರಲಿಲ್ಲ. ದೊಡ್ಡವ್ವ ಚೀಲ ತೊಳೆದು ಒಣಹಾಕಿದಳು, ಮಡಚಿ ಇಟ್ಟಳು, ಮತ್ತೆ ತೆಗೆದಳು. ಆಮೇಲೆ ಒಂದು ಮಧ್ಯಾಹ್ನ ನನ್ನ ಫೋನಿಗೆ ರೈಲಿನ ಟಿಕೇಟು ಬಂತು. ಹೋಗುವುದೂ ಬರುವುದೂ, ಎರಡೂ ಕೆಳಗಿನ ಬರ್ತು. ಜೊತೆಗೆ ಒಂದೇ ಸಾಲು: "ಸ್ಟೇಷನ್ನಿನ್ಯಾಗ ತಾವಾಗೇ ಬಂದವರಿಗೆ ಇಲ್ಲೇ."

ಮುಂಗಾರು ಮುಂಬೈ ಮುಟ್ಟುವ ಹೊತ್ತಿಗೆ ಅವರು ಹೋದರು. ಸುಮಿತ್ರಾಬಾಯಿ ಮರಾಠಿಯಲ್ಲಿ ವಿಚಾರಿಸಿ ಗೊತ್ತುಮಾಡಿದ್ದ ಯಾತ್ರಿನಿವಾಸದಲ್ಲಿ ಇಳಿದರು. ಮೊದಲ ದಿನ ಬಸ್ಸಿನ ಮೇಲಿನ ಮುಂದಿನ ಸೀಟಿನಲ್ಲಿ ಯಾರೋ ಕೂತಿದ್ದರಂತೆ. ಎರಡನೆಯ ದಿನವೂ ಹಾಗೇ. ಬಸಣ್ಣ ಏನೋ ನೆಪ ಹೇಳಿ ಕಲಬುರಗಿಗೆ ಬಂದು ನನ್ನ ಮನೆಯಲ್ಲಿ ಕೂತಿದ್ದ. ಬಿತ್ತನೆಯ ಸಮಯದಲ್ಲಿ ಅಂಗಡಿ ಬಿಟ್ಟು. ಇಲ್ಲೂ ಮೋಡ ಕಟ್ಟಿತ್ತು, ಗೋಡೆಗಳು ತಣ್ಣಗಾಗತೊಡಗಿದ್ದವು.

ಮೂರನೆಯ ದಿನ ಫೋನು ಹಚ್ಚಿ ಸ್ಪೀಕರ್ ಮೇಲಿಟ್ಟ. ಆಚೆ ಕಡೆ ಗಾಡಿಗಳ ಸದ್ದು, ಮಳೆಯ ಸದ್ದು, ಸುಮಿತ್ರಾಬಾಯಿ ಯಾವುದನ್ನೋ ನೋಡಿ "ಅಗಂ ಬಾಯೀ" ಎನ್ನುವ ಸದ್ದು. ಅದರ ನಡುವೆ ಒಂದು ಹೊಸ ಧ್ವನಿ, ಹರೆಯದ ಹುಡುಗಿಯದು, ತೀರ ಹತ್ತಿರದಲ್ಲಿ: "ಆಜೀ, ತುಮ್ಹಿ ಕುಠಲ್ಯಾ?"

ನಿಮ್ಮದು ಯಾವೂರು ಅಜ್ಜಿ ಎಂದು. ಮರಾಠಿ ಬಾರದಿದ್ದರೂ ಆ ಪ್ರಶ್ನೆ ನಮ್ಮಿಬ್ಬರಿಗೂ ಗೊತ್ತಾಯಿತು. ಬಸಣ್ಣ ಫೋನಿನ ಮೇಲೆ ಬಗ್ಗಿದ.

"ಕಮಲಾಪುರ" ಎಂದಳು ದೊಡ್ಡವ್ವ, ನಿಧಾನವಾಗಿ, ಬಿಡಿಸಿ. "ಕೆಂಪು ಬಾಳಿಹಣ್ಣು ತಿಂದೀಯೇನವ್ವಾ? ತಗೋ."

"ಯವ್ವಾ" ಎಂದ ಬಸಣ್ಣ. "ಯಾರಾಕಿ? ಯಾಕ ಹೇಳಿದಿ?"

"ಸೀಟು ನಾನೇ ಹೋಗಿ ಕೇಳಿದೆನೋ. ಎದ್ದು ಬಿಟ್ಟುಕೊಟ್ಟಾಳ."

ಬಸಣ್ಣ ನನ್ನ ಮುಖ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ಗಾಜಿಪುರದ ಧೂಳಿನ ಮೇಲೆ ಮೊದಲ ಹನಿಗಳು ಬೀಳುತ್ತಿದ್ದವು, ಅಥವಾ ಅವು ಫೋನಿನ ಆಚೆಯ ಹನಿಗಳ ಸದ್ದಾಗಿರಬಹುದು.

"ಹಂಗಾದ್ರ ಈಗ ಎಲ್ಲದಿ ಯವ್ವಾ?"

"ಇಲ್ಲೇ" ಎಂದಳು ದೊಡ್ಡವ್ವ. "ಮ್ಯಾಲ. ಮುಂದ."